ಕೇಳಿದ್ರೆ ಕೊಡ್ತಾರೆ

ಅಕ್ಕನ ಮಗಳು ಈ ವರ್ಷ ಕಾಸರಗೋಡಿನಲ್ಲಿ ಡಿಗ್ರಿಗೆ ಸೇರಿದ್ದಾಳೆ. ದಿನಾ ಪೆರ್ಲದಿಂದ ಬಸ್ಸು. ಮೊನ್ನೆ ಫೋನ್ ಮಾಡಿ, "ಮಾವ, ಕ್ಲಾಸ್ ಇಲ್ಲದಾಗ ಸುಮ್ನೆ ಬಸ್ ಸ್ಟ್ಯಾಂಡಿನಲ್ಲಿ ಕೂತಿರ್ತೇನೆ" ಅಂದಳು.

ನನಗೆ ನನ್ನದೇ ಕಥೆ ನೆನಪಾಯಿತು. ನಾನು ಲೈಬ್ರರಿ ಕಾರ್ಡ್ ಮಾಡಿಸಿದ್ದು ಕೊನೆಯ ವರ್ಷ! ಮಲಯಾಳದಲ್ಲಿ ಕೇಳಲು ನಾಚಿಕೆ, ಅಷ್ಟೇ ಕಾರಣ. ಆಮೇಲೆ ನೋಡಿದರೆ ಕೌಂಟರಿನಲ್ಲಿದ್ದವರು ಚೆನ್ನಾಗಿ ತುಳು ಮಾತಾಡುವವರು.

ಅವಳಿಗೆ ಒಂದು ಕೆಲಸ ಹೇಳಿದೆ. ಲೈಬ್ರರಿಯಲ್ಲಿ ಎನ್-ಲಿಸ್ಟ್ (ಕಾಲೇಜುಗಳಿಗಾಗಿ ಇರುವ ಆನ್‌ಲೈನ್ ಲೈಬ್ರರಿ) ಲಾಗಿನ್ ಕೇಳು. ಕಾಲೇಜು ಅದರ ಸದಸ್ಯ ಆಗಿದ್ದರೆ 6,000ಕ್ಕೂ ಜಾಸ್ತಿ ಜರ್ನಲ್, ಲಕ್ಷಕ್ಕೂ ಮೀರಿದ ಇ-ಪುಸ್ತಕ ಮೊಬೈಲಿನಲ್ಲೇ ಸಿಗುತ್ತವೆ. ಬಸ್ಸಿನಲ್ಲೂ ಓದಬಹುದು (ಸೀಟು ಸಿಕ್ಕಿದರೆ). ಕೇರಳದ ಸರ್ಕಾರಿ ಕಾಲೇಜುಗಳಲ್ಲಿ 'ವಾಕ್ ವಿತ್ ಎ ಸ್ಕಾಲರ್' ಅಂತ ಮಾರ್ಗದರ್ಶನದ ಯೋಜನೆಯೂ ಇದೆ. ನೋಟಿಸ್ ಬೋರ್ಡ್ ನೋಡ್ತಾ ಇರು ಅಂದೆ. ನಾನಂತೂ ಅದರಲ್ಲಿ ರಜೆಯ ನೋಟಿಸ್ ಬಿಟ್ಟು ಬೇರೇನೂ ಓದಿದವನಲ್ಲ.

ನಿನ್ನೆ ಸಂಜೆ ಮೆಸೇಜ್ ಬಂತು. "ಮಾವ, ಲಾಗಿನ್ ಕೇಳಿದೆ. ಕನ್ನಡದಲ್ಲೇ ಕೇಳಿದೆ!"

ಎರಡು ನಿಮಿಷ ಬಿಟ್ಟು ಇನ್ನೊಂದು: "ಈ ಜರ್ನಲ್ ಅಂದ್ರೆ ಏನು ಮಾವ?"