ಮೇಣ ಮಾತ್ರ ಉಳಿದಿದೆ, ಮೇಡಂ

ಕಿಡ್ನಿ ಬಯಾಪ್ಸಿ ಓದುವವರ ಸಂಘಕ್ಕೆ ಕಾರ್ಯದರ್ಶಿಯಾಗಲು ಯಾರೂ ಒಪ್ಪಲಿಲ್ಲ, ಹಾಗಾಗಿ ನಾನಾದೆ. ಬಳ್ಳಾರಿ, ರಾಯಚೂರು, ಕೊಪ್ಪಳದವರೆಲ್ಲ ಸೇರಿ ನಾವು ಹದಿನೆಂಟು ಮಂದಿ ಪೆಥಾಲಜಿಸ್ಟರು, ಅಂದರೆ ರೋಗಿಯಿಂದ ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಹೇಳುವವರು. ಕಿಡ್ನಿಯನ್ನೇ ಹಚ್ಚಿಕೊಂಡವರು ಮೂರ್ನಾಲ್ಕು ಜನ. ಉಳಿದವರು ಗರ್ಭಕೋಶ, ಪಿತ್ತಕೋಶಗಳ ನಡುವೆ ವಾರಕ್ಕೊಂದು ಕಿಡ್ನಿ ನೋಡುವವರು. ಸಂಘ ನೋಂದಾಯಿಸಲು ಕಾಯ್ದೆಗೆ ಏಳು ಜನ ಸಾಕು. ಸರ್ವ ಸದಸ್ಯರ ಸಭೆಗೆ ಕೋರಂ ತುಂಬಿಸಬೇಕಾದರೆ ಹದಿನೆಂಟೂ ಜನರಿಗೆ ಎರಡೆರಡು ಸಲ ಫೋನ್ ಮಾಡಬೇಕು. ಚಂದಾ ಕೇಳಿದ ದಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಸ್ಮಶಾನಮೌನ; ಸಭೆಗೆ ಬಂದವರಿಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ (ಕೆಎಂಸಿ) ಕೊಡುವ ಕ್ರೆಡಿಟ್ ಎಷ್ಟು ಎಂದು ಕೇಳಲು ಮಾತ್ರ ಬೆಳಗಿನ ಆರಕ್ಕೇ ಎಚ್ಚರ. ರಿಜಿಸ್ಟ್ರಾರ್ ಕಚೇರಿಗೆ ಪದಾಧಿಕಾರಿಗಳ ಪಟ್ಟಿ, ಆಡಿಟರ್ ಸಹಿ, ಊಟದ ಬಿಲ್ಲು, ಎಲ್ಲವೂ ನನ್ನ ತಲೆಗೆ. ಗೊಣಗಿ ಮುಗಿಸಿದೆ. ಮುಂದೆ ಆದ ಅನಾಹುತಕ್ಕೆ ಇವು ಯಾವುವೂ ಕಾರಣವಲ್ಲ.

ಆ ವರ್ಷದ ಸ್ಲೈಡ್ ಸೆಮಿನಾರಿನ ವಿಷಯ ನಾನೇ ಆರಿಸಿದ್ದು. ಮೂತ್ರದಲ್ಲಿ ಪ್ರೋಟೀನ್ ಸುರಿಯುತ್ತಿದೆ, ರಕ್ತ ಸೋಸುವ ಗ್ಲಾಮೆರುಲಸ್ ನೋಡಿದರೆ ಏನೂ ಆಗಿಲ್ಲವೆಂಬಂತೆ ಕುಳಿತಿದೆ, ಆಗ ವರದಿಯಲ್ಲಿ ಏನು ಬರೆಯುತ್ತೀರಿ? ಅಧ್ಯಕ್ಷರು, ‘ನಾಲ್ಕು ಫೋಟೋ ತೆಗೆದು ಪರದೆಯ ಮೇಲೆ ಹಾಕಮ್ಮ, ಸಾಕು’ ಎಂದರು. ನಾನು ಕೇಳಲಿಲ್ಲ. ಫೋಟೋ ನೋಡುವುದೆಂದರೆ ಇನ್ನೊಬ್ಬರು ಆರಿಸಿಕೊಟ್ಟದ್ದನ್ನು ನೋಡುವುದು. 2009ರ ಆಕ್ಸ್‌ಫರ್ಡ್ ವರ್ಗೀಕರಣದವರು ಐಜಿಎ ಎಂಬ ಕಿಡ್ನಿ ಕಾಯಿಲೆಯ ಬಗ್ಗೆ ಒಂದು ಮಾತಿಗೆ ಬಂದದ್ದು ಅದದೇ ಬಯಾಪ್ಸಿಗಳನ್ನು ಹಲವರು ಬೇರೆಬೇರೆಯಾಗಿ ಎಣಿಸಿ, ಯಾರ ಎಣಿಕೆ ಯಾರದಕ್ಕೆ ಹೊಂದುತ್ತದೆ ಎಂದು ನೋಡಿದ ಮೇಲೆ. ನಾವೂ ಹಾಗೆ ಮಾಡೋಣ, ಪ್ರತಿಯೊಬ್ಬರ ಕೈಗೂ ಗಾಜಿನ ಸ್ಲೈಡನ್ನೇ ಕೊಡೋಣ ಎಂದು ಕಾರ್ಯಕಾರಿ ಸಮಿತಿಯಲ್ಲಿ ಅರ್ಧ ಗಂಟೆ ಭಾಷಣ ಬಿಗಿದೆ. ಎದುರು ಮಾತನಾಡಿ ದಣಿಯುವುದಕ್ಕಿಂತ ಒಪ್ಪಿಕೊಳ್ಳುವುದೇ ಸುಲಭವೆಂದು ಎಲ್ಲರೂ ಒಪ್ಪಿದರು.

ನಾಲ್ಕು ಕೇಸುಗಳಲ್ಲಿ ಮೂರನೆಯದು ನನ್ನದು. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಅರವತ್ತು ದಾಟಿದ ತಾಯಿ, ಕಾಲು ಬಾವು. ಲೈಟ್ ಮೈಕ್ರೋಸ್ಕೋಪಿಯ ತುಂಡಿನಲ್ಲಿ ಒಂಬತ್ತು ಗ್ಲಾಮೆರುಲಸ್, ಒಂಬತ್ತೂ ಚೊಕ್ಕಟ. ಆಂಟಿಬಾಡಿ ಹಾಕಿ ನೋಡುವ ಐಎಫ್ (ಇಮ್ಯುನೊಫ್ಲೋರೆಸೆನ್ಸ್) ಪರೀಕ್ಷೆಗೆ ಬಂದ ತುಂಡಿನಲ್ಲಿ ಬರೀ ಮೆಡುಲ್ಲಾ, ಕಿಡ್ನಿಯ ಒಳಭಾಗ. ಗ್ಲಾಮೆರುಲಸ್ಸೇ ಇಲ್ಲದ ಮೇಲೆ ಆಂಟಿಬಾಡಿ ಏಕೆ ಹಾಳು ಎಂದು ಪ್ಯಾನೆಲ್ ಹಾಕಿಸಲಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಹಣವಿಲ್ಲ ಎಂದ ಮಗ. ಗ್ಲಾಮೆರುಲಸ್ ಸರಿಯಾಗಿ ಕಂಡೂ ಪ್ರೋಟೀನ್ ಸೋರುವ ‘ಮಿನಿಮಲ್ ಚೇಂಜ್ ಮಾದರಿ’ ಎಂದು ಸಹಿ ಹಾಕಿದೆ. ಆ ವಯಸ್ಸಿಗೆ ಆ ಮಾತು ಬರೆಯುವ ಮುನ್ನ ಅಡಗಿ ಕುಳಿತ ಅಸಹಜ ಪ್ರೋಟೀನನ್ನು ತೋರಿಸುವ ಕಾಂಗೋ ರೆಡ್ ಬಣ್ಣ ಹಾಕಬೇಕು ಎಂದು ನನ್ನ ಪಿಜಿ ಹುಡುಗರಿಗೆ ನಾನೇ ಗದರಿಸಿ ಹೇಳುವವಳು. ಆ ವಾರ ಬಣ್ಣ ಮುಗಿದಿತ್ತು. ಇಂಡೆಂಟ್ ಸ್ಟೋರಿನಲ್ಲಿ ಮಲಗಿತ್ತು. ತುಂಡನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಎಲ್ಲಿಗೆ ಓಡಿಹೋಗುತ್ತದೆ, ಬಣ್ಣ ಬಂದ ಮೇಲೆ ಹಾಕಿದರಾಯಿತು ಎಂದು ಹಳದಿ ಚೀಟಿಯಲ್ಲಿ ‘ಕಾಂಗೋ ಬಾಕಿ’ ಎಂದು ಬರೆದು ಟ್ರೇಗೆ ಅಂಟಿಸಿದೆ.

ಮೂರು ವಾರದ ನಂತರ ಅದೇ ಬ್ಲಾಕನ್ನು ತೆಗೆಸಿ ಹದಿನೆಂಟು ಸೆಟ್ ಕತ್ತರಿಸಿ ಎಂದವಳೂ ನಾನೇ. ನಮ್ಮ ಹಿರಿಯ ಟೆಕ್ನಿಷಿಯನ್ ಬ್ಲಾಕನ್ನು ಬೆಳಕಿಗೆ ಹಿಡಿದು ನೋಡಿದರು.

‘ಹದಿನೆಂಟೇ, ಮೇಡಂ? ತುಂಡು ದಾರದ ಹಾಗಿದೆ.’

‘ಸಾಲುತ್ತದೆ, ಕತ್ತರಿಸಿ.’

ಲೆಕ್ಕ ಹಾಕಿಯೇ ಹೇಳಿದ್ದೆ. ಸೆಟ್ಟಿಗೆ ಎರಡು ಸ್ಲೈಡು, ಎಚ್ ಅಂಡ್ ಇ ಬಣ್ಣದ್ದೊಂದು, ಪಿಎಎಸ್ ಬಣ್ಣದ್ದೊಂದು. ಸ್ಲೈಡಿಗೆ ನಾಲ್ಕು ಸೆಕ್ಷನ್ (ತೆಳು ಪದರ), ಒಂದೊಂದೂ ಮೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಮೂರು ಪಾಲು. ಎಲ್ಲ ಕೂಡಿಸಿದರೆ ಅರ್ಧ ಮಿಲಿಮೀಟರ್ ಕೂಡ ಆಗುವುದಿಲ್ಲ. ಆದರೆ ಹದಿನೆಂಟು ಗೇಜ್ ಸೂಜಿಯಲ್ಲಿ ಬಂದ ತುಂಡು ಇಡಿಯಾಗಿ ಒಂದು ಮಿಲಿಮೀಟರ್ ದಪ್ಪವಿರುವುದಿಲ್ಲ. ಮೊದಲ ವರದಿಗೆ ಹೋದದ್ದು ಎಷ್ಟು, ಬ್ಲಾಕನ್ನು ಮತ್ತೆ ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿಗೆ ಕೂರಿಸಿ ಮುಖ ಸಮ ಮಾಡುವಾಗ ಉದುರುವುದು ಎಷ್ಟು, ಇವೆರಡನ್ನೂ ನಾನು ಲೆಕ್ಕಕ್ಕೆ ಸೇರಿಸಿರಲಿಲ್ಲ. ಹಳದಿ ಚೀಟಿ ನೆನಪಿಗೂ ಬರಲಿಲ್ಲ.

ಸೆಮಿನಾರಿನ ಭಾನುವಾರ. ಮೇ ತಿಂಗಳ ಬಳ್ಳಾರಿ, ಹೋಟೆಲಿನ ಎಸಿ ಕೆಟ್ಟಿದೆ. ಎರಡನೆಯ ಕೇಸ್ ನಡೆಯುತ್ತಿದ್ದಾಗ ಆ ತಾಯಿಗೆ ಚಿಕಿತ್ಸೆ ಕೊಡುತ್ತಿದ್ದ ನೆಫ್ರಾಲಜಿಸ್ಟ್ ಫೋನ್ ಮಾಡಿದರು. ‘ಮೇಡಂ, ಆ ತಾಯಿಗೆ ಸ್ಟೀರಾಯ್ಡ್ ಕೊಟ್ಟು ಆರು ವಾರವಾಯಿತು, ಪ್ರೋಟೀನ್ ಒಂದಿಷ್ಟೂ ಇಳಿದಿಲ್ಲ. ಎಲೆಕ್ಟ್ರೊಫೋರೆಸಿಸ್‌ನಲ್ಲಿ ಎಂ ಬ್ಯಾಂಡ್ ಬಂದಿದೆ. ನಿಮ್ಮ ಕಾಂಗೋ ರೆಡ್ ಏನು ಹೇಳಿತ್ತು?’

ಎಂ ಬ್ಯಾಂಡ್ ಎಂದರೆ ಅಸಹಜ ಪ್ರೋಟೀನಿನ ಗುರುತು. ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟು, ಸಭಾಂಗಣದ ಹಿಂದಿನ ಮೆಟ್ಟಿಲ ಮೇಲೆ ನಿಂತು ಟೆಕ್ನಿಷಿಯನ್ನರಿಗೆ ಫೋನ್ ಮಾಡಿದೆ. ರಜೆಯ ದಿನವೂ ಅವರು ಹೋಗಿ ಬ್ಲಾಕ್ ತೆಗೆದು ನೋಡಿದರು. ಆ ಇಪ್ಪತ್ತು ನಿಮಿಷ ನಾನು ಮೆಟ್ಟಿಲಿನ ಗ್ರಾನೈಟಿನ ಚುಕ್ಕೆಗಳನ್ನು ಎಣಿಸುತ್ತಿದ್ದೆ.

‘ಮೇಣ ಮಾತ್ರ ಉಳಿದಿದೆ, ಮೇಡಂ.’ ಸ್ವಲ್ಪ ಹೊತ್ತು ಬಿಟ್ಟು, ‘ಚೀಟಿ ಟ್ರೇನಲ್ಲಿಯೇ ಇದೆ’ ಎಂದರು.

ಒಳಗೆ ಬಂದರೆ ಮೂರನೆಯ ಕೇಸ್ ಶುರು, ಮೈಕ್ ನನ್ನ ಕೈಗೆ. ಕೈ ಎತ್ತಿಸಿದೆ: ಹನ್ನೊಂದು ಜನ ಮಿನಿಮಲ್ ಚೇಂಜ್ ಎಂದರು, ಸ್ಯಾಂಪಲ್‌ಗೆ ಸಿಗದ ಎಫ್‌ಎಸ್‌ಜಿಎಸ್ (ಕೆಲವೇ ಗ್ಲಾಮೆರುಲಸ್‌ಗಳಲ್ಲಿ ಕಲೆಗಟ್ಟುವ ಕಾಯಿಲೆ) ಇರಬಹುದು ಎಂದವರು ನಾಲ್ವರು. ರಾಯಚೂರಿನ ಹಿರಿಯರೊಬ್ಬರು ಕೈ ಎತ್ತಲೇ ಇಲ್ಲ. ‘ಕಾಂಗೋ ರೆಡ್ ಎಲ್ಲಿದೆಯಮ್ಮ?’ ಎಂದರು. ಉತ್ತರ ಗೊತ್ತಿದ್ದೂ ನಾನು, ‘ಅದು ಕೊನೆಗೆ ಬರುತ್ತದೆ, ಸರ್’ ಎಂದೆ. ಸಭೆ ನಕ್ಕಿತು, ಏನೋ ಸ್ವಾರಸ್ಯವನ್ನು ಬಚ್ಚಿಟ್ಟಿದ್ದೇನೆ ಎಂದುಕೊಂಡರು. ಬ್ಲಾಕ್ ಮುಗಿಸಿದ್ದಕ್ಕಿಂತ ಆ ನಗು ನನ್ನನ್ನು ಹೆಚ್ಚು ಚುಚ್ಚುತ್ತದೆ. ಕಾಲು ಗಂಟೆ ಗ್ಲಾಮೆರುಲಸ್ಸಿನ ಪೋಡೋಸೈಟ್ ಕೋಶಗಳ ಬಗ್ಗೆ ಏನೇನೋ ಮಾತನಾಡಿದೆ. ಕೆಎಂಸಿ ಅಬ್ಸರ್ವರ್ ಮುಂದಿನ ಸಾಲಿನಲ್ಲಿ ಕುಳಿತು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದರು. ಕೊನೆಗೆ ಹೇಳಿದೆ: ‘ಹಾಕಿಲ್ಲ. ಇನ್ನು ಹಾಕಲು ಬ್ಲಾಕೂ ಇಲ್ಲ. ಆ ತಾಯಿಯ ತುಂಡು ಉಳಿದಿರುವುದು ನಿಮ್ಮ ನಿಮ್ಮ ಡಬ್ಬಿಗಳಲ್ಲಿ. ದಯವಿಟ್ಟು ವಾಪಸು ಕೊಡಿ.’

ಊಟದ ಹೊತ್ತಿನಲ್ಲಿ ವಸೂಲಿ. ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಸ್ಲೈಡು. ಏಳನೆಯ ಸೆಟ್ಟಿನ ಕವರ್‌ಸ್ಲಿಪ್ ಮೇಲೆ ಕಡಲೆಹಿಟ್ಟಿನ ಬೆರಳಚ್ಚು ಈಗಲೂ ಇದೆ. ರಾಯಚೂರಿನ ಹಿರಿಯರು ಊಟ ಬಿಟ್ಟು ನನ್ನ ಪಕ್ಕ ಕುಳಿತು ನಂಬರಿನ ಪ್ರಕಾರ ಜೋಡಿಸಿದರು. ಒಂದನೆಯ ಸೆಟ್ಟಿನಲ್ಲಿ ಎಂಟು ಗ್ಲಾಮೆರುಲಸ್, ಆರನೆಯದರಲ್ಲಿ ಐದು, ಹನ್ನೆರಡನೆಯದರಲ್ಲಿ ಎರಡು, ಹದಿನೆಂಟನೆಯದರಲ್ಲಿ ಬರೀ ಟ್ಯೂಬ್ಯೂಲುಗಳ (ಮೂತ್ರದ ಕಿರುನಾಳಗಳ) ಚೂರು. ನಾನು ಕತ್ತರಿಸಿ ಖಾಲಿ ಮಾಡಿದ್ದು ಮೇಜಿನ ಮೇಲೆ ಸಾಲಾಗಿ ಕಾಣುತ್ತಿತ್ತು.

ಸೋಮವಾರ ಎರಡು ಎಚ್ ಅಂಡ್ ಇ ಸ್ಲೈಡುಗಳ ಬಣ್ಣವನ್ನು ಆಸಿಡ್ ಆಲ್ಕೊಹಾಲಿನಲ್ಲಿ ಬಿಡಿಸಿ, ಸಾಲ ತಂದ ಕಾಂಗೋ ರೆಡ್ ಹಾಕಿದೆವು. ಆ ಬಣ್ಣಕ್ಕೆ ಎಂಟು-ಹತ್ತು ಮೈಕ್ರಾನ್ ದಪ್ಪ ಬೇಕು, ನಮ್ಮದು ಮೂರು. ಅಸಹಜ ಪ್ರೋಟೀನ್ ಇದ್ದರೆ ಪೋಲರೈಸರಿನ ಬೆಳಕಿನಲ್ಲಿ ಹಸಿರು ಹೊಳೆಯಬೇಕು. ಅದನ್ನು ತಿರುಗಿಸಿದರೆ ಒಂದು ಆರ್ಟೀರಿಯೋಲಿನ, ಅಂದರೆ ಕಿರುರಕ್ತನಾಳದ, ಅಂಚಿನಲ್ಲಿ ಹಸಿರು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಆಗ ಟೆಕ್ನಿಷಿಯನ್ ತುಂಡುಗಳನ್ನು ಹೆಪ್ಪುಗಟ್ಟಿಸಿಡುವ ಕ್ರಯೋಸ್ಟಾಟಿನ ಮೂಲೆಯಿಂದ ಐಎಫ್‌ಗೆ ಬಂದಿದ್ದ ಆ ಮೆಡುಲ್ಲಾದ ತುಂಡನ್ನು ತೆಗೆದರು. ಎಸೆಯಿರಿ ಎಂದು ನಾನು ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಫಾರ್ಮಲಿನ್, ಪ್ರೊಸೆಸಿಂಗ್, ಎಂಟು ಮೈಕ್ರಾನಿನ ಸೆಕ್ಷನ್. ರಕ್ತನಾಳದ ಗೋಡೆಯಲ್ಲಿ ಕಿತ್ತಳೆ ಛಾಯೆ. ಪೋಲರೈಸರ್ ಹಾಕಿದ ಕೂಡಲೇ ಎಳೆ ಸೇಬಿನ ಹಸಿರು. ಅಮೈಲಾಯ್ಡ್, ಅಡಗಿ ಕುಳಿತಿದ್ದ ಆ ಅಸಹಜ ಪ್ರೋಟೀನು.

ಪರಿಷ್ಕೃತ ವರದಿ ಕಳಿಸಿದೆ. ಯಾವ ಬಗೆಯ ಅಮೈಲಾಯ್ಡ್ ಎಂದು ನೋಡಲು ತುಂಡು ಸಾಲಲಿಲ್ಲ. ಮೂಳೆಮಜ್ಜೆಯ ಪರೀಕ್ಷೆ ಹೇಗೂ ಆಗಲೇಬೇಕಿತ್ತು; ಬಗೆ ತಿಳಿಯಲು ಹೊಟ್ಟೆಯ ಕೊಬ್ಬಿಗೆ ಚುಚ್ಚಿದ ಸೂಜಿ ಮತ್ತು ಆರು ವಾರದ ಸ್ಟೀರಾಯ್ಡ್ ನನ್ನ ಲೆಕ್ಕಕ್ಕೆ. ಮಗ ಲ್ಯಾಬಿನ ಕಿಟಕಿಯವರೆಗೂ ಬಂದು, ‘ಮೊದಲು ತೆಗೆದ ತುಂಡು ಏನಾಯಿತು, ಮೇಡಂ?’ ಎಂದು ಕೇಳಿದ. ಬೇರೆ ಡಾಕ್ಟರರಿಗೆ ತೋರಿಸಲು ಬಳಸಿ ಮುಗಿಸಿದೆ ಎಂದೆ. ಅವನು ತಲೆಯಾಡಿಸಿದ. ಹತ್ತು ಡಾಕ್ಟರರು ನೋಡಿದ್ದು ಒಳ್ಳೆಯದೇ ಆಯಿತು ಎಂದುಕೊಂಡನೋ ಏನೋ. ಬೈದಿದ್ದರೆ ವಾಸಿಯಿತ್ತು.

ಮುಂದಿನ ಸಮಿತಿಯಲ್ಲಿ ಠರಾವು ಮಾಡಿದೆವು: ವಿಶೇಷ ಬಣ್ಣಗಳನ್ನೆಲ್ಲ ಹಾಕಿ ಆಗಿದೆ ಎಂದು ವರದಿ ಮಾಡಿದವರು ಸಹಿ ಹಾಕದೆ ಸಂಘಕ್ಕಾಗಿ ಯಾವ ಬಯಾಪ್ಸಿಯನ್ನೂ ಮರುಕತ್ತರಿಸುವಂತಿಲ್ಲ. ‘ನಾನು ಹೇಳಿರಲಿಲ್ಲವೇ’ ಎಂದು ಅಧ್ಯಕ್ಷರು ಅನ್ನಲಿಲ್ಲ. ಸ್ಲೈಡ್ ಸ್ಕ್ಯಾನರಿಗೆ ಕೊಟೇಶನ್ ತರಿಸಿದರು. ಬೆಲೆ ನೋಡಿದ ಖಜಾಂಚಿ ಅದನ್ನು ಮುಂದಿನ ಸಭೆಗೆ ದೂಡಿದರು. ಅಲ್ಲಿಂದ ಅದಕ್ಕೂ ಮುಂದಿನದಕ್ಕೆ.

ಹನ್ನೊಂದನೆಯ ಸೆಟ್ ಇನ್ನೂ ವಾಪಸು ಬಂದಿಲ್ಲ. ತಿಂಗಳಿಗೊಮ್ಮೆ ಗುಂಪಿನಲ್ಲಿ ನೆನಪಿಸುತ್ತೇನೆ. ಆರೇಳು ಜನ ಕೈ ಮುಗಿಯುವ ಚಿತ್ರ ಹಾಕುತ್ತಾರೆ.