ಹಲ್ಲುಸೆಟ್ ತೆಗೆದಿಟ್ಟ ನಟಿ

ಯುಗಾದಿಗೆ ಇನ್ನು ಎರಡು ದಿನ ಇತ್ತು. ಹನುಮಂತನಗರದ ನಮ್ಮ ಮನೆ ಹಾಲ್‌ನಲ್ಲಿ ಅಮ್ಮ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಾ ಕೂತಿದ್ದಳು. ನಾನು ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಜಪಾನಿನ 'ಆನ್' ಸಿನಿಮಾ ಹಾಕಿದೆ. 2015ರದ್ದು, ನವೋಮಿ ಕವಾಸೆ ಅವರ ನಿರ್ದೇಶನ. ಸಬ್‌ಟೈಟಲ್ ಓದಿ ಹೇಳೋದು ನನ್ನ ಕೆಲಸ. ಸ್ವಲ್ಪ ಹೊತ್ತಿಗೆ ಮೊರದ ಮೇಲೆ ಅಮ್ಮನ ಕೈ ಹಾಗೇ ನಿಂತುಬಿಟ್ಟಿತು.

ಒಬ್ಬ ಅಜ್ಜಿ ಕೆಂಪು ಕಾಳು ಬೇಯಿಸುತ್ತಿದ್ದಳು. ಮುಖವನ್ನು ಪಾತ್ರೆ ಹತ್ತಿರ ತಂದು, ಹಬೆಯಲ್ಲೇ ನಿಂತು, ಕಾಳು ಏನೋ ಹೇಳ್ತಿದೆ ಅನ್ನೋ ಹಾಗೆ ಕಿವಿಗೊಡುತ್ತಾಳೆ. ಸಿಹಿ ಬೆರೆಸಿದ ಮೇಲೆ ಆತುರ ಮಾಡಲ್ಲ. ಕಾಳಿಗೂ ಸಿಹಿಗೂ ಪರಿಚಯ ಆಗಲಿ ಅಂತ ಸುಮ್ನೆ ಕಾಯುತ್ತಾಳೆ. ಕುಷ್ಠರೋಗದಿಂದ ಅವಳ ಬೆರಳು ಸೊಟ್ಟಗಾಗಿವೆ. ಆ ಬೆರಳಲ್ಲೇ ಅಷ್ಟು ನಾಜೂಕಾಗಿ ಸೌಟು ಆಡಿಸುತ್ತಾಳೆ.

"ಇದು ಹೂರಣ ಕಣೇ," ಅಂದಳು ಅಮ್ಮ. "ಆಯಮ್ಮ ದಿನಾ ಮಾಡೋಳೇ. ಕೈ ನೋಡು."

ಆ ಕೈ ಕಿಕಿ ಕಿರಿನ್ ಅವರದ್ದು. ನನಗೆ ಅವರೆಂದರೆ ಎಷ್ಟು ಇಷ್ಟ ಅಂದ್ರೆ, ಅವತ್ತು ಅಮ್ಮನಿಗೆ ಸಿನಿಮಾ ನಿಲ್ಲಿಸಿ ಅವರ ಕತೆ ಹೇಳಿದೆ.

1943ರಲ್ಲಿ ಟೋಕಿಯೋದಲ್ಲಿ ಹುಟ್ಟಿದವರು. ಮೊದಲು ಯೂಕಿ ಚಿಹೋ ಅನ್ನೋ ಹೆಸರಲ್ಲಿ ನಟಿಸುತ್ತಿದ್ದರು. 1977ರಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ಆ ಹೆಸರನ್ನೇ ಹರಾಜು ಹಾಕಿಬಿಟ್ಟರು. ಕಿಕಿ ಕಿರಿನ್ ಅನ್ನೋ ಹೊಸ ಹೆಸರು ಬರೆಯುವ ನಾಲ್ಕು ಅಕ್ಷರಗಳಲ್ಲಿ ಎರಡಕ್ಕೆ ಮರ ಅಂತ ಅರ್ಥ, ಒಂದಕ್ಕೆ ಅಪರೂಪ, ಕೊನೆಯದಕ್ಕೆ ತೋಪು. ಗಂಡ ರಾಕ್ ಗಾಯಕ ಯೂಯಾ ಉಚಿದಾ. 1973ರಲ್ಲಿ ಮದುವೆ ಆಯಿತು. ಬೇಗನೇ ಬೇರೆ ಬೇರೆ ಮನೆ ಮಾಡಿಕೊಂಡರು, ಆದರೆ ಕೊನೆವರೆಗೂ ಗಂಡ ಹೆಂಡತಿಯಾಗೇ ಉಳಿದರು.

ನನಗೆ ಜಾಸ್ತಿ ಇಷ್ಟವಾಗೋದು 1974ರ ಸಂಗತಿ. ಒಂದು ಟಿವಿ ಧಾರಾವಾಹಿಯಲ್ಲಿ ಅವರಿಗೆ ಅಜ್ಜಿಯ ಪಾತ್ರ. ಆಗ ಅವರ ವಯಸ್ಸು 31! ಮಗನ ಪಾತ್ರ ಮಾಡಿದ ಅಸೇ ಕೊಬಾಯಾಶಿಯೇ ವಯಸ್ಸಲ್ಲಿ ಕಿಕಿ ಅವರಿಗಿಂತ ಹತ್ತು ವರ್ಷಕ್ಕೂ ಹೆಚ್ಚು ದೊಡ್ಡವರು. ಕೂದಲ ಬಣ್ಣ ತೆಗೆಸಿಕೊಂಡರು, ಬೆನ್ನು ಬಗ್ಗಿಸಿದರು. ಆದರೆ ಕೈ ಮಾತ್ರ ಹರೆಯದ್ದೇ ಅಲ್ವಾ? ಅದು ಕಾಣಬಾರದು ಅಂತ ಬೆರಳು ತುದಿ ಬಿಟ್ಟು ಉಳಿದದ್ದೆಲ್ಲ ಮುಚ್ಚುವ ಕೈಗವಸು ಹಾಕಿಕೊಂಡು ನಟಿಸಿದರು. ಪೂರ್ತಿ ನಲವತ್ತು ವರ್ಷ ಆದ ಮೇಲೆ ಅದೇ ಕೈಯನ್ನು ಕ್ಯಾಮೆರಾ ಮುಂದಿಟ್ಟು ಕಾಳು ಬೇಯಿಸಿದರು.

"ನಮ್ಮ ಪಂಢರಿಬಾಯಿ ಥರ," ಅಂದಳು ಅಮ್ಮ. ಸರಿಯಾಗೇ ಹೇಳಿದಳು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ, ಆಮೇಲೆ ಅದೇ ರಾಜ್‌ಕುಮಾರ್‌ಗೆ ತಾಯಿ. ಇಂಥ ನಟಿಯರನ್ನು ನಾವು 'ತಾಯಿ ಪಾತ್ರದವರು' ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಿಬಿಡ್ತೀವಿ. ನನಗೆ ಅದು ತುಂಬಾ ಬೇಜಾರಾಗುತ್ತೆ. ವಯಸ್ಸಾದವರು ಹೇಗೆ ಕೂರುತ್ತಾರೆ, ಎದ್ದೇಳುವಾಗ ಯಾವ ಕೈ ಊರುತ್ತಾರೆ, ಮಾತಿನ ಮಧ್ಯೆ ಎಲ್ಲಿ ಉಸಿರು ತಗೋತಾರೆ, ಇದೆಲ್ಲ ವರ್ಷಗಟ್ಟಲೆ ನೋಡಿ ಕಲಿಯಬೇಕಾದ ವಿದ್ಯೆ.

ಕಿಕಿ ಅವರಿಗೆ 2003ರಲ್ಲಿ ಎಡಗಣ್ಣಿನ ದೃಷ್ಟಿ ಹೋಯಿತು. ಆಮೇಲೆ ಸ್ತನ ಕ್ಯಾನ್ಸರ್. 2013ರಲ್ಲಿ ಜಪಾನ್ ಅಕಾಡೆಮಿಯ ಅತ್ಯುತ್ತಮ ನಟಿ ಪ್ರಶಸ್ತಿ ತಗೊಳ್ಳುವಾಗ, ಕಾಯಿಲೆ ಮೈಯೆಲ್ಲ ಹರಡಿದೆ ಅಂತ ವೇದಿಕೆಯಲ್ಲೇ ಹೇಳಿದರು. 'ಆನ್' ಅದಕ್ಕೂ ಆಮೇಲಿನದ್ದು. ಅವರ 'ಶಾಪ್‌ಲಿಫ್ಟರ್ಸ್' ಸಿನಿಮಾ ಇನ್ನೂ ಆಮೇಲಿನದ್ದು.

ಆ 'ಶಾಪ್‌ಲಿಫ್ಟರ್ಸ್' ಅಮ್ಮನಿಗೆ ತೋರಿಸೋಕೆ ನನಗೆ ಸ್ವಲ್ಪ ಅಳುಕಿತ್ತು. ಅಮ್ಮನಿಗೀಗ 78. ಹಲ್ಲುಸೆಟ್ ತೆಗೆದಾಗ ನಮ್ಮ ಮುಂದೆ ಬರೋದೇ ಇಲ್ಲ. ಬಂದರೂ ಸೆರಗು ಬಾಯಿಗೆ ಅಡ್ಡ. ರಾತ್ರಿ ನೀರು ಕೇಳೋದಿದ್ರೂ ಸನ್ನೆಯಲ್ಲೇ ಕೇಳ್ತಾಳೆ. ಆ ಸಿನಿಮಾದಲ್ಲಿ ಕಿಕಿ ತಮ್ಮ ಹಲ್ಲುಸೆಟ್ ತೆಗೆದಿಟ್ಟೇ ನಟಿಸಿದ್ದಾರೆ. ನಿರ್ದೇಶಕ ಹಿರೋಕಾಜು ಕೊರೆ-ಎಡ ಕೇಳಿದ್ದಲ್ಲ, ತಾವೇ ಮುಂದಾಗಿ ಹೇಳಿದ್ದು.

ಹಬ್ಬ ಮುಗಿದ ಭಾನುವಾರ ನೋಡಿದೆವು. ಸಮುದ್ರದ ದಂಡೆಯಲ್ಲಿ ಅಜ್ಜಿ ಒಬ್ಬಳೇ ಕೂತಿದ್ದಾಳೆ. ದೂರದಲ್ಲಿ ಮನೆಯವರೆಲ್ಲ ಕೈ ಕೈ ಹಿಡಿದು ಅಲೆ ದಾಟಿ ಎಗರುತ್ತಿದ್ದಾರೆ. ಅವರಲ್ಲಿ ಒಬ್ಬರೂ ಅವಳ ರಕ್ತ ಹಂಚಿಕೊಂಡವರಲ್ಲ. ಅವರ ಕಡೆ ನೋಡುತ್ತಾ, ಸದ್ದೇ ಇಲ್ಲದೆ, ಬರೀ ತುಟಿಯಲ್ಲಿ ಥ್ಯಾಂಕ್ಸ್ ಹೇಳುತ್ತಾಳೆ. ಅದು ಸ್ಕ್ರಿಪ್ಟ್‌ನಲ್ಲಿ ಇರಲೇ ಇಲ್ಲ. ಕಿಕಿ ಅವರೇ ಸೇರಿಸಿದ್ದು.

"ಏನಂದ್ಳು?" ಅಂತ ಅಮ್ಮ ಕೇಳಿದಳು. ಹೇಳಿದೆ. "ಇನ್ನೊಂದ್ಸಲ ಹಾಕು," ಅಂದಳು. ಹಾಕಿದೆ. ಆಮೇಲೆ, "ಆಯಮ್ಮ ಬೇಕಂತಲೇ ಹಲ್ಲು ತೆಗೆದಿಟ್ಟಳಾ?" ಅಂದಳು.

"ಹೂಂ ಅಮ್ಮ."

"ಚೆನ್ನಾಗೇ ಕಾಣ್ತಾಳೆ."

ಆ ಸಿನಿಮಾಗೆ 2018ರ ಮೇನಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಬಂತು. ಸೆಪ್ಟೆಂಬರ್ 15ಕ್ಕೆ ಕಿಕಿ ತೀರಿಕೊಂಡರು, 75ರ ವಯಸ್ಸಲ್ಲಿ. ಇದನ್ನು ಅಮ್ಮನಿಗೆ ಹೇಳುವಾಗ ನನ್ನ ದನಿ ಸ್ವಲ್ಪ ಕಟ್ಟಿತು. ಅಮ್ಮ ಏನೂ ಮಾತಾಡಲಿಲ್ಲ. ಎದ್ದು ಒಳಗೆ ಹೋದಳು.

ಉಳಿದ ಒಬ್ಬಟ್ಟು ಬಿಸಿ ಮಾಡಿ, ತುಪ್ಪ ಹಾಕಿ, ಎರಡು ತಟ್ಟೆ ತಂದಳು. ಹಲ್ಲುಸೆಟ್ ಹಾಕಿರಲಿಲ್ಲ. ಸೆರಗು ಭುಜದ ಮೇಲೇ ಇತ್ತು. ನನ್ನ ಪಕ್ಕದಲ್ಲೇ ಕೂತು, ಒಬ್ಬಟ್ಟನ್ನು ಚೂರು ಚೂರು ಮುರಿದು ತಿನ್ನುತ್ತಾ ಕೇಳಿದಳು, "ಆಯಮ್ಮಂದು ಇನ್ನೊಂದು ಯಾವ್ದಿದೆ?"

'ಸ್ಟಿಲ್ ವಾಕಿಂಗ್' ಇದೆ ಅಂದೆ. ಅದರಲ್ಲಿ ಕಿಕಿ ಅವರು ಮನೆಗೆ ಬಂದ ಮಕ್ಕಳಿಗೆ ಮುಸುಕಿನ ಜೋಳದ ಬೋಂಡಾ ಕರಿಯುತ್ತಾರೆ. ಎಣ್ಣೆಯಲ್ಲಿ ಕಾಳು ಪಟಪಟ ಸಿಡಿಯುತ್ತೆ. ಬರೋ ಭಾನುವಾರ ಹಾಕ್ತೀನಿ.