ಅಮ್ಮನಿಗೆ ಮುಖ ಕಾಣುವುದಿಲ್ಲ, ದನಿ ಕೇಳುತ್ತದೆ

ಮೊನ್ನೆ ರಾತ್ರಿ ಅಮ್ಮನಿಗೆ ಗಂಜಿ ಬಡಿಸುತ್ತಿದ್ದೆ. ಕುಚ್ಚಲಕ್ಕಿ ಗಂಜಿ, ಮೇಲೆ ಒಂದು ಚಮಚ ತುಪ್ಪ, ಬದಿಗೆ ಉಪ್ಪಿನಕಾಯಿಯ ರಸ. ಹಲ್ಲಿಲ್ಲದ ಕಾರಣ ಮಿಡಿ ಅವರಿಗೆ ಆಗುವುದಿಲ್ಲ, ರಸ ಮಾತ್ರ ಬೇಕು. ಎರಡು ವರ್ಷದಿಂದ ಗ್ಲಾಕೋಮಾ ಜಾಸ್ತಿಯಾಗಿ ಬೆಳಕು, ನೆರಳು ಬಿಟ್ಟರೆ ಅವರಿಗೆ ಬೇರೇನೂ ಕಾಣುವುದಿಲ್ಲ. ಹೊರಗೆ ಗೇಟಿನ ಸದ್ದಾಯಿತು. "ಏರ್ ಬತ್ತಿನಿ?" ಅಂತ ಕೇಳಿದರು, ಯಾರು ಬಂದದ್ದು ಅಂತ. ಯಾರೂ ಇಲ್ಲ, ಗಾಳಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪ್ರಶ್ನೆ. ಮೂರನೇ ಸಲ "ಯಾರೂ ಇಲ್ಲ ಅಂತ ಹೇಳಿದೆ ಅಲ್ವಾ" ಅಂದುಬಿಟ್ಟೆ. ಬೈಯಲಿಲ್ಲ, ಜೋರಾಗಿಯೂ ಹೇಳಲಿಲ್ಲ. ಆದರೂ ಅಮ್ಮ ಬಟ್ಟಲನ್ನು ಮೆಲ್ಲಗೆ ಮುಂದಕ್ಕೆ ಸರಿಸಿ "ಸಾಕು, ಹೊಟ್ಟೆ ತುಂಬಿತು" ಅಂದರು. ಅರ್ಧ ಗಂಜಿ ಹಾಗೇ ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ವರ್ಷದಿಂದ ಚೀನಾದ ಹಳೆಯ ತತ್ತ್ವಜ್ಞಾನಿ ಕನ್‌ಫ್ಯೂಷಿಯಸ್‌ನ ಮಾತುಗಳನ್ನು ಓದುತ್ತಿದ್ದೇನೆ. ಅವನ ಶಿಷ್ಯರು, ಅವರ ಶಿಷ್ಯರು ಸೇರಿಸಿಟ್ಟ 20 ಅಧ್ಯಾಯಗಳ ಪುಸ್ತಕ, ಚೀನಿಯಲ್ಲಿ 'ಲುನ್ ಯು'. ಅದರ ಎರಡನೇ ಅಧ್ಯಾಯದಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ, ತಂದೆತಾಯಿಯನ್ನು ನೋಡಿಕೊಳ್ಳುವುದು ಅಂದರೇನು ಅಂತ. ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಒಬ್ಬನಿಗೆ ಹೇಳುತ್ತಾನೆ: ಈಗಿನವರು ಊಟ ಹಾಕಿದರೆ ಸಾಕು ಅಂದುಕೊಂಡಿದ್ದಾರೆ, ನಾಯಿಗೂ ಕುದುರೆಗೂ ನಾವು ತಿನ್ನಲು ಹಾಕುತ್ತೇವೆ, ಗೌರವ ಇಲ್ಲದಿದ್ದರೆ ವ್ಯತ್ಯಾಸ ಏನು? ಇದು ತುಂಬಾ ಜನಕ್ಕೆ ಗೊತ್ತಿರುವ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನದು. ಜಿಶಿಯಾ ಎಂಬ ಶಿಷ್ಯ ಕೇಳಿದಾಗ ಅವನು ಹೇಳಿದ್ದು ಎರಡೇ ಅಕ್ಷರ, 'ಸೆ ನಾನ್'. ಮುಖಭಾವ, ಕಷ್ಟ. ಕೆಲಸ ಇದ್ದಾಗ ಕಿರಿಯರು ಮಾಡುವುದು, ಊಟ ಇದ್ದಾಗ ಹಿರಿಯರಿಗೆ ಮೊದಲು ಬಡಿಸುವುದು, ಅಷ್ಟಕ್ಕೇ ಆಯಿತಾ, ಅಂತ ಮತ್ತೆ ಅವನೇ ಕೇಳುತ್ತಾನೆ.

ಕಷ್ಟ ಇರುವುದು ಕೆಲಸದಲ್ಲಲ್ಲ, ಮುಖದಲ್ಲಿ.

ಈ ಎರಡು ಅಕ್ಷರಕ್ಕೆ ಹಳೆಯ ಟೀಕಾಕಾರರಲ್ಲೇ ಎರಡು ಅರ್ಥ ಉಂಟು. ಸೇವೆ ಮಾಡುವಾಗ ನಮ್ಮ ಮುಖವನ್ನು ಹಸನಾಗಿ ಇಟ್ಟುಕೊಳ್ಳುವುದು ಕಷ್ಟ ಅಂತ ಕೆಲವರು, ತಂದೆತಾಯಿಯ ಮುಖ ನೋಡಿ ಅವರ ಮನಸ್ಸು ತಿಳಿದು ನಡೆಯುವುದು ಕಷ್ಟ ಅಂತ ಇನ್ನು ಕೆಲವರು. ಯಾವುದು ಸರಿ ಅಂತ ಪಂಡಿತರು ನೋಡಿಕೊಳ್ಳಲಿ. ನನಗೆ ಎರಡೂ ಬೇಕು. ಅಮ್ಮನಿಗೆ ನನ್ನ ಮುಖ ಕಾಣುವುದಿಲ್ಲ, ಹಾಗಾಗಿ ಹೇಗಿದ್ದರೂ ನಡೆಯುತ್ತದೆ ಅಂತ ಒಳಗೊಳಗೇ ಅಂದುಕೊಂಡಿದ್ದೆನೋ ಏನೋ. ಆದರೆ ಮುಖ ಗಂಟು ಹಾಕಿಕೊಂಡು ಮಾತಾಡಿದರೆ ದನಿ ಬೇರೆಯಾಗುತ್ತದೆ, ಕಣ್ಣಿಲ್ಲದವರಿಗೆ ಅದು ನಮಗಿಂತ ಬೇಗ ಗೊತ್ತಾಗುತ್ತದೆ. ಅವರು "ಹೊಟ್ಟೆ ತುಂಬಿತು" ಅಂದಾಗ ನಾನು ಅವರ ಮುಖ ನೋಡಿದ್ದರೆ ನನಗೂ ಗೊತ್ತಾಗುತ್ತಿತ್ತು. ನೋಡಲಿಲ್ಲ. ಬಟ್ಟಲು ತೆಗೆದುಕೊಂಡು ಒಳಗೆ ಹೋದೆ.

ಕ್ರಿ.ಪೂ. 551ರಲ್ಲಿ ಹುಟ್ಟಿ 479ರಲ್ಲಿ ತೀರಿಕೊಂಡವನು ಕನ್‌ಫ್ಯೂಷಿಯಸ್, ಈಗಿನ ಶಾನ್‌ಡಾಂಗ್ ಪ್ರಾಂತ್ಯದ ಚೂಫು ಅವನ ಊರು. ಸಣ್ಣವನಿದ್ದಾಗಲೇ ಅಪ್ಪ ಹೋದರು, ಸಾಕಿದ್ದು ಅಮ್ಮ ಎನ್ನುತ್ತಾರೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕನ್‌ಫ್ಯೂಷಿಯಸ್ ಹೆಸರಿನಲ್ಲಿ ಕಿರಿಯರನ್ನು, ಅದರಲ್ಲೂ ಹೆಂಗಸರನ್ನು ಸಾವಿರಾರು ವರ್ಷ ತುಳಿದದ್ದೂ ಹೌದು. 1919ರ ಮೇ 4ರ ಚಳವಳಿಯ ಹೊತ್ತಿಗೆ ಚೀನಾದ ಯುವಕರು ಅವನ ಮೇಲೆ ಸಿಟ್ಟಾದದ್ದು ಸುಮ್ನೆ ಅಲ್ಲ. ನಮ್ಮ ಮನೆಯಲ್ಲೇ ನೋಡಿ. ನಾನು ಬಡಿಸುವುದು ರಾತ್ರಿ ಒಂದು ಹೊತ್ತು. ಬೆಳಿಗ್ಗೆ ಮೀಯಿಸುವುದು, ಕಣ್ಣಿಗೆ ಹೊತ್ತುಹೊತ್ತಿಗೆ ಮದ್ದು ಬಿಡುವುದು, ಬಟ್ಟೆ ಒಗೆಯುವುದು ಎಲ್ಲ ನನ್ನ ಹೆಂಡತಿ. ಅವಳು ನಗುನಗುತ್ತಾ ಇರಬೇಕು ಅಂತ ನಾನು ಪುಸ್ತಕ ಹಿಡಿದು ಹೇಳಿದರೆ ಅದು ದೊಡ್ಡ ಅನ್ಯಾಯ. 'ಮುಖ ಕಷ್ಟ' ಎನ್ನುವುದು ನನಗೆ ನಾನೇ ಹೇಳಿಕೊಳ್ಳುವ ಮಾತು, ಇನ್ನೊಬ್ಬರಿಗೆ ಹೇರುವುದಲ್ಲ. ಮತ್ತೆ, ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸು ಅಂತಲೂ ಅವನು ಹೇಳಿಲ್ಲ. ತಪ್ಪಿದ್ದರೆ ಮೆಲ್ಲಗೆ ತಿಳಿಸಿ ಹೇಳು ಅಂತ ನಾಲ್ಕನೇ ಅಧ್ಯಾಯದಲ್ಲಿ ಉಂಟು. ಅವನ ದಾರಿಯಲ್ಲೇ ಬಂದ ಶುನ್‌ಜಿ ಇನ್ನೂ ಮುಂದೆ ಹೋಗಿ, ನ್ಯಾಯವನ್ನು ಅನುಸರಿಸು, ಅಪ್ಪನನ್ನಲ್ಲ ಅಂತಲೇ ಬರೆದ.

ಕನ್‌ಫ್ಯೂಷಿಯಸ್‌ನ ದಾರಿಯವರು ಹೇಳುವ ಐದು ಸಂಬಂಧಗಳ ಪಟ್ಟಿಯಲ್ಲಿ ಅಪ್ಪ-ಮಗ ಇದ್ದಾರೆ, ಅಣ್ಣ-ತಮ್ಮ ಇದ್ದಾರೆ, ಗಂಡ-ಹೆಂಡತಿ, ದೊರೆ-ಪ್ರಜೆ, ಗೆಳೆಯರು ಇದ್ದಾರೆ. ಮನೆತನ ಹೆಣ್ಣಿನ ಕಡೆಯಿಂದ ಮುಂದುವರಿಯುವ ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಸೋದರಮಾವ-ಸೋದರಳಿಯ ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅದನ್ನು ಇದ್ದ ಹಾಗೇ ತಂದು ಉಡುಪಿಯಲ್ಲಿ ನೆಡಲು ಆಗುವುದಿಲ್ಲ.

ತಂದೆತಾಯಿಯನ್ನು ನೋಡಿಕೊಳ್ಳಬೇಕು ಅಂತ ಕಾನೂನು ಹಲವು ಕಡೆ ಬಂತು. ಸಿಂಗಾಪುರದಲ್ಲಿ 1995ರಲ್ಲಿ, ನಮ್ಮಲ್ಲಿ 2007ರಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ. ಚೀನಾದಲ್ಲಂತೂ ಬೇರೆ ಇರುವ ಮಕ್ಕಳು ಆಗಾಗ ಬಂದು ತಂದೆತಾಯಿಯನ್ನು ನೋಡಬೇಕು ಅಂತಲೇ 2013ರ ಜುಲೈಯಿಂದ ಕಾನೂನು. ಬೇಕು, ಬೇಡ ಅನ್ನುವುದಿಲ್ಲ. ಅನ್ನವೇ ಹಾಕದವರ ವಿಷಯದಲ್ಲಿ ಅದು ದೊಡ್ಡ ಆಸರೆ. ಆದರೆ ಬಂದು ಕೂತವನ ಮುಖ ಹೇಗಿರಬೇಕು ಅಂತ ಯಾವ ಕೋರ್ಟು ಹೇಳೀತು?

ಕನ್‌ಫ್ಯೂಷಿಯಸ್‌ನ 'ಲೀ', ಅಂದರೆ ಕಟ್ಟುಕಟ್ಟಳೆ, ಅದರ ಬಗ್ಗೆಯೂ ತಪ್ಪು ತಿಳಿದವರು ಜಾಸ್ತಿ. ಒಂದು ಕಡೆ ಹೇಳುತ್ತಾನೆ: ಪೂಜೆಯ ಟೊಪ್ಪಿ ನಾರುಬಟ್ಟೆಯದ್ದು ಇರಬೇಕು ಅಂತ ಕ್ರಮ, ಈಗ ಎಲ್ಲರೂ ರೇಷ್ಮೆಯದ್ದು ಹಾಕುತ್ತಾರೆ, ಖರ್ಚು ಕಡಿಮೆ, ನಾನೂ ಹಾಗೇ ಮಾಡುತ್ತೇನೆ. ಆದರೆ ಮೆಟ್ಟಿಲ ಕೆಳಗೆ ನಿಂತು ನಮಸ್ಕಾರ ಮಾಡುವುದು ಕ್ರಮ, ಈಗ ಎಲ್ಲರೂ ಮೇಲೆ ಹತ್ತಿ ಮಾಡುತ್ತಾರೆ, ಅದು ಅಹಂಕಾರ, ಎಲ್ಲರೂ ಮಾಡಿದರೂ ನಾನು ಕೆಳಗೇ ಮಾಡುತ್ತೇನೆ. ನಾವು ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ ಇದನ್ನೇ ನೆನೆಸಿಕೊಂಡೆ. ಮೊದಲು ಎಲ್ಲಾ ಅಡುಗೆ ಮನೆಯಲ್ಲೇ ಆಗಬೇಕಿತ್ತು, ಈಗ ಅರ್ಧ ಕ್ಯಾಟರಿಂಗ್‌ನವರಿಂದ ಬರುತ್ತದೆ. ಬರಲಿ, ಅದು ಟೊಪ್ಪಿ. ಆದರೆ ಎಲೆಗೆ ಬಡಿಸಿ ಬಾಗಿಲು ಮುಚ್ಚಿ ಹೊರಗೆ ಕಾಯುವ ಆ ಹತ್ತು ನಿಮಿಷ ಎಲ್ಲರೂ ಮೊಬೈಲ್ ನೋಡುತ್ತಾ ಕೂತರೆ, ಒಳಗೆ ಅಪ್ಪ ಊಟಕ್ಕೆ ಬಂದಿದ್ದಾರೆ ಅನ್ನುವುದನ್ನು ನಾವು ನಂಬುತ್ತೇವಾ? ಅದು ನಮಸ್ಕಾರದ ವಿಷಯ.

ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾಗ 15ನೇ ಅಧ್ಯಾಯದ ಕೊನೆಗೆ ಉಂಟು. ಮಿಯೆನ್ ಎಂಬ ಕುರುಡು ಸಂಗೀತಗಾರ ಅವನನ್ನು ನೋಡಲು ಬರುತ್ತಾನೆ. ಮೆಟ್ಟಿಲ ಹತ್ತಿರ ಬಂದಾಗ ಕನ್‌ಫ್ಯೂಷಿಯಸ್ "ಮೆಟ್ಟಿಲು" ಅನ್ನುತ್ತಾನೆ. ಚಾಪೆಯ ಹತ್ತಿರ "ಚಾಪೆ" ಅನ್ನುತ್ತಾನೆ. ಎಲ್ಲರೂ ಕೂತ ಮೇಲೆ ಇಂಥವರು ಇಲ್ಲಿ ಇದ್ದಾರೆ, ಇಂಥವರು ಅಲ್ಲಿ ಇದ್ದಾರೆ ಅಂತ ಹೇಳುತ್ತಾನೆ. ಅವನು ಹೋದ ಮೇಲೆ ಒಬ್ಬ ಶಿಷ್ಯ ಕೇಳಿದ, ಸಂಗೀತಗಾರರ ಹತ್ತಿರ ಮಾತಾಡುವ ಕ್ರಮ ಇದಾ ಅಂತ. ಹೌದು, ಅವರಿಗೆ ನೆರವಾಗುವ ಕ್ರಮ ಇದೇ ಅಂದ. ಅಷ್ಟೇ. ತತ್ತ್ವ ಇಲ್ಲ, ಉಪದೇಶ ಇಲ್ಲ.

ಹೋದ ಭಾನುವಾರ ಕಾಪು ಕಡೆ ಸಂಬಂಧಿಕರ ಮನೆಯಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹಾಲ್‌ನ ಬಾಗಿಲಲ್ಲಿ ಕೈ ಹಿಡಿದು "ಮೆಟ್ಟಿಲು, ಮೂರು ಉಂಟು" ಅಂದೆ. "ಕುರ್ಚಿ ಇಲ್ಲಿ, ಹಿಂದೆ ಗೋಡೆ." "ಎಡಕ್ಕೆ ಚಿಕ್ಕಮ್ಮ ಇದ್ದಾರೆ." ಅಮ್ಮ ನನ್ನ ಕಿವಿಯ ಹತ್ತಿರ ಬಂದು "ಅವಳು ಬಡವಾಗಿದ್ದಾಳಾ?" ಅಂತ ಕೇಳಿದರು. ನೋಡಿದೆ, ಬಡವಾಗಿದ್ದರು, ಹೌದು ಅಂದೆ. ಅಮ್ಮ ಕೈ ಚಾಚಿ ಚಿಕ್ಕಮ್ಮನ ಮೊಣಕೈ ಹುಡುಕಿ ಹಿಡಿದುಕೊಂಡರು. ಬಾಗಿಲಲ್ಲಿ ಮತ್ತೆ ಚಪ್ಪಲಿ ಬಿಡುವ ಸದ್ದು. "ಏರ್ ಬತ್ತಿನಿ?" ಊಟಕ್ಕೆ ಏಳುವವರೆಗೂ ಬಂದವರ ಹೆಸರು ಒಂದೊಂದಾಗಿ ಹೇಳುತ್ತಾ ಕೂತಿದ್ದೆ.